ಗೂಟದ ನಡುವಿನ ಕಸ

ಇದನ್ನೆಲ್ಲ ಹೇಳುವಷ್ಟು ದೊಡ್ಡವಳು ನಾನಲ್ಲ. ಮೂರು ವರ್ಷ ಸಂಜೆ ಶಾಲೆಗೆ ಹೋಗಿ ಕಲಿತ ಅಕ್ಷರ. ಒತ್ತಕ್ಷರ ಈಗಲೂ ಕೈಕೊಡುತ್ತದೆ. ತಪ್ಪಿದ್ದರೆ ಕ್ಷಮಿಸಬೇಕು. ಆದರೆ ಕಸದ ಲೆಕ್ಕದ ಆ ಹಾಳೆಗಳಲ್ಲಿರುವುದು ನನ್ನದೇ ಕೈಬರಹ. ಬೇರೆ ಯಾರು ಹೇಳಬೇಕು?

"ಮೂಗು ಯಾಕೆ ಮುಚ್ಕೋತೀಯೇ ಮುದುಕಿ? ನಿಮ್ಮೋರ್ದೇ ಅಲ್ವಾ? ಎಣಿಸು," ಎಂದ ಕಸ ಗುಡಿಸುವವರ ಮೇಸ್ತ್ರಿ.

ಅತ್ತೆ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಿದ್ದರು. ಜನ ಸ್ನಾನಕ್ಕಿಳಿಯುವ ಈ ಕಡಲತೀರ ಎಷ್ಟು ಶುಚಿಯಾಗಿದೆಯೆಂದು ತಿಂಗಳಿಗೊಮ್ಮೆ ಪರೀಕ್ಷೆ. ಮೇಸ್ತ್ರಿ ನೂರು ಹೆಜ್ಜೆ ಅಂತರದಲ್ಲಿ ಎರಡು ಕೆಂಪು ಗೂಟ ನೆಡುತ್ತಾನೆ. ಅವುಗಳ ನಡುವೆ ಬಿದ್ದದ್ದು ಮಾತ್ರ ಕಸ, ಆಚೆಯದು ಯಾರಿಗೂ ಕಾಣುವುದಿಲ್ಲ. ತೀರ ಗುಡಿಸುವ ಅತ್ತೆ ಹೇಳುತ್ತಾರೆ, ನಾನು ಬರೆಯುತ್ತೇನೆ: ಬಾಟಲಿ, ಮುಚ್ಚಳ, ಸಿಗರೇಟು ತುಂಡು, ಮಲ. ಹಾಳೆಯ ಕೊನೆಯಲ್ಲಿ "ಎಲ್ಲಿಂದ ಬಂತು" ಎಂಬ ಖಾಲಿ ಜಾಗ.

ಗೂಟ ಪ್ರತಿ ಸಲವೂ ನಮ್ಮ ಗುಡಿಸಲುಗಳ ಮುಂದೆಯೇ. ಅತ್ತ, ಹೋಟೆಲ್ಲಿನ ಕೊಳವೆ ಸಮುದ್ರಕ್ಕೆ ಬಾಯಿಬಿಡುವ ಕಡೆ ಒಮ್ಮೆಯೂ ನೆಟ್ಟವನಲ್ಲ.

"ಸ್ನಾನಕ್ಕೆ ಬರೋರ ಕಕ್ಕಸಿನ ಕೀಲಿ ನಮಗೂ ಕೊಟ್ಟಿದ್ರೆ ಇಲ್ಲಿ ಯಾರು ಕೂರ್ತಿದ್ರು ಸ್ವಾಮಿ?" ಎಂದರು ಅತ್ತೆ. "ದಿನಾ ತೊಳೆಯೋಳು ನಾನೇ."

"ತೊಳೆಯೋಕೆ ಬಿಟ್ಟಿರೋದು, ಕೂರೋಕಲ್ಲ, ಬೋಳಿಮಗಳೇ." ಮೇಸ್ತ್ರಿ ನನ್ನ ಕಡೆ ತಿರುಗಿದ. "ಎಲ್ಲಿಂದ ಬಂತು ಅನ್ನೋದಕ್ಕೆ ಗುಡಿಸಲು ಅಂತ ಬರಿ."

ಹಿಂದಿನ ಎರಡು ತಿಂಗಳೂ ಹಾಗೇ ಬರೆದಿದ್ದೆ. ದುಂಡಗೆ, ಕಾಗುಣಿತ ತಪ್ಪದಂತೆ. ಮೂರನೆಯದರಲ್ಲೂ ಅದೇ ಇದ್ದರೆ ಗುಡಿಸಲು ಎತ್ತಿಸುತ್ತಾರೆಂದು ಪುರಸಭೆ ಕಚೇರಿಯ ಜವಾನ ಹೇಳಿದ್ದು ಹಿಂದಿನ ದಿನವಷ್ಟೇ. ಪೆನ್ನು ಏಳಲಿಲ್ಲ.

"ಏನಂತ ಬರ್ದಿದ್ಯೇ ಇಷ್ಟು ದಿನ? ಹೇಳು," ಎಂದರು ಅತ್ತೆ.

ಹೇಳಿದೆ.

ಅವರು ಬೈಯಲಿಲ್ಲ. "ನನ್ನ ಸೊಸೆ ಬರೆದ್ರೆ ಮುತ್ತು ಪೋಣಿಸ್ದಂಗೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲೇ," ಎಂದಷ್ಟೇ ಅಂದು ಎದ್ದರು. ಮೊದಲ ಗೂಟವನ್ನು ಎರಡೂ ಕೈಯಲ್ಲಿ ಅಲುಗಾಡಿಸಿ ಕಿತ್ತರು.

"ಏಯ್, ಗೂಟ ಮುಟ್ಬೇಡ."

"ಗೂಟ ಹೊಡ್ಕೊಂಡು ಕೂತಿರೋನು ನೀನು. ನಾನು ಬರೀ ಕೀಳ್ತಿದೀನಿ."

ಎರಡನ್ನೂ ಹೆಗಲ ಮೇಲೆ ಹೊತ್ತು ಕೊಳವೆಯ ಕಡೆ ನಡೆದರು. ಆಚೆ ಒಂದು, ಈಚೆ ಒಂದು ನೆಟ್ಟು ಕಲ್ಲಿನಿಂದ ಬಡಿದರು. ಮೇಸ್ತ್ರಿ ಓಡಿಬಂದು ತಳ್ಳಿದ. ಬಿದ್ದರು, ಮೊಣಕೈ ತರಚಿತು. ಬಿದ್ದಲ್ಲೇ ಗೂಟವನ್ನು ತಬ್ಬಿ ಕೂತರು.

"ಬರ್ಕೊಳ್ಳೇ. ಸೋಪಿನ ಕಾಗದ ನಲವತ್ತು. ಗಡ್ಡ ಕೆರೆಯೋದು ಒಂಬತ್ತು. ಗಂಡಸರ ರಬ್ಬರು ಹದಿನಾರು. ಮಲ..." ಕೊಳವೆಯ ಬಾಯಿ ನೋಡಿದರು. "ಎಣಿಸೋಕಾಗಲ್ಲ, ಹರೀತಿದೆ ಅಂತ ಬರಿ."

ಬರೆದೆ. ಎಲ್ಲಿಂದ ಬಂತು: ಹೋಟೆಲ್ಲಿನ ಕೊಳವೆ. ಆ ಒತ್ತಕ್ಷರ ಸರಿಯಾಗಿ ಬಿತ್ತೋ ಇಲ್ಲವೋ.

ಅಷ್ಟರಲ್ಲಿ ಪರೀಕ್ಷೆಯ ಸಾಹೇಬರು ಜೀಪಿನಿಂದಿಳಿದರು. ಗೂಟ ಇಲ್ಲಿಗೆ ಹೇಗೆ ಬಂತೆಂದು ಹೇಳಿದರೆ ಇಷ್ಟು ದಿನ ಎಲ್ಲಿ ನೆಡುತ್ತಿದ್ದನೆಂದೂ ಹೇಳಬೇಕು; ಮೇಸ್ತ್ರಿ ಸಲಾಮು ಹೊಡೆದು ಪಕ್ಕಕ್ಕೆ ಸರಿದ. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಸಹಿ ಹಾಕಿದರು. ಓದಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಮರುದಿನ ಬೆಳಿಗ್ಗೆ ಕಚೇರಿಯವರು ನಮ್ಮ ಬಾಗಿಲುಗಳ ಮೇಲೆ ಸುಣ್ಣದಲ್ಲಿ ಅಂಕಿ ಬರೆದು ಹೋಗಿದ್ದರು. ಅತ್ತೆ ಓದಿಸಿದರು. ನಮ್ಮದು ಹನ್ನೊಂದು.

"ಈ ಅಂಕಿ ಮನೆ ಕೊಡೋಕೋ, ಕೆಡವೋಕೋ?" ಎಂದರು.

ಜವಾನನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಹಾಳೆಯನ್ನು ಯಾರಾದರೂ ಓದಿದರೇ ಎಂಬುದು ನನಗೂ ಇನ್ನೂ ತಿಳಿಯದು.