ವಾಟಿಯ ಹಸಿರು ಕೋಟು

ಗಂಡ ಸ್ಟ್ರೂಅನ್‌ನನ್ನು ಮಣ್ಣು ಮಾಡಿದ ಮರುದಿನ ಶುಕ್ರವಾರ. ಕಸದ ಗಾಡಿ ತನ್ನ ಹೊತ್ತಿಗೆ ಬಂದು ಹೋಯಿತು. ಕರ್ಸ್ಟಿ ಇಬ್ಬರಿಗಾಗುವಷ್ಟು ಓಟ್ಸ್ ಗಂಜಿ ಕಾಯಿಸಿ, ತಿನ್ನದೆ ಕೂತಿದ್ದಳು.

ಬಾಗಿಲು ತಟ್ಟಿದ್ದು ಪಕ್ಕದ ಮನೆಯ ವಾಟಿ. ಕಡಲ ದಂಡೆಯ ಗಾಲ್ಫ್ ಮೈದಾನದಲ್ಲಿ ನಲವತ್ತು ವರ್ಷ ಹುಲ್ಲು ಕತ್ತರಿಸಿದ ಮುದುಕ. ಅವಳು ನೈಟಿಯ ಮೇಲೆ ತೊಟ್ಟಿದ್ದ ಹಸಿರು ಕೋಟನ್ನು ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಕೋಟು ಅವನದೇ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನದು. ಅಮೆರಿಕದ ಮಾಸ್ಟರ್ಸ್ ಗಾಲ್ಫ್ ಪಂದ್ಯ ಗೆದ್ದವನಿಗೆ ಹಸಿರು ಕೋಟು ತೊಡಿಸುತ್ತಾರೆ. ಅದನ್ನು ಟಿವಿಯಲ್ಲಿ ನೋಡುವಾಗ ತನಗೂ ಒಂದಿರಲೆಂದು ಕಳೆದ ವರ್ಷ ಏಪ್ರಿಲ್‌ನಲ್ಲಿ ಸ್ಟ್ರೂಅನ್ 'ಒಂದೇ ಸಂಜೆಗೆ' ಇಸಕೊಂಡಿದ್ದ. ಈಗ ಅದರ ಕಾಲರಿನಲ್ಲಿ ಅವನ ವಾಸನೆಯಿತ್ತು. ನಾಳೆ ಕ್ಲಬ್ಬಿನ ಈ ವರ್ಷದ ಮೊದಲ ಆಟ, ಕೋಟಿಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತು. ಕೇಳಿದರೂ ಕೊಡಲಾರೆ ಅಂದುಕೊಂಡಳು.

"ಗಾಳಿ ಜಾಸ್ತಿ ಇವತ್ತು," ಅಂದ ವಾಟಿ.

"ಹೂಂ."

"ನಮ್ಮ ಕಡಲ ದಂಡೆಯ ಓಪನ್ ಪಂದ್ಯಕ್ಕೆ ಹೇಳಿ ಮಾಡಿಸಿದ ಗಾಳಿ. ಅದೇ ದೊಡ್ಡದು ಅಂದ್ರೆ ನಿನ್ನ ಗಂಡ ಒಪ್ತಾನೇ ಇರ್ಲಿಲ್ಲ. ಮಾಸ್ಟರ್ಸ್ ಅಂತೆ! ಹೂದೋಟದಲ್ಲಿ ವಾಕಿಂಗು ಅದು."

ಯಾವ ಗಾಲ್ಫ್ ಪಂದ್ಯ ದೊಡ್ಡದೆಂಬ ಇವರಿಬ್ಬರ ಜಗಳಕ್ಕೆ ಆರು ವರ್ಷ ಕಿವಿಗೊಡದವಳು ಮೊದಲ ಸಲ ಕೇಳಿದಳು: "ಯುಎಸ್ ಓಪನ್?"

"ಅಲ್ಲಿಯೋರಿಗೆ ಹುಲ್ಲು ಕತ್ತರಿಸೋಕೆ ಸೋಮಾರಿತನ. ಅದಕ್ಕೆ 'ಕಠಿಣ ಪರೀಕ್ಷೆ' ಅಂತ ಹೆಸರು. ನಾನು ಹಾಗೆ ಬೆಳೆಯೋಕೆ ಬಿಟ್ಟಿದ್ರೆ ಮನೆಗೆ ಕಳಿಸ್ತಿದ್ರು."

"ಪಿಜಿಎ?"

"ಅದನ್ನ ಗೆದ್ದೋರಿಗೆ ಕೊಡೋ ಬಟ್ಟಲು ನೋಡಿದೀಯಾ? ಕೂಸಿಗೆ ಸ್ನಾನ ಮಾಡಿಸ್ಬಹುದು. ಓಪನ್‌ದು ಪುಟ್ಟ ಹೂಜಿ. ಮಾನ ಇರೋರಿಗೆ ಅಷ್ಟು ಸಾಕು." ಮುದುಕ ಟೋಪಿಯನ್ನು ಹಿಂಡಿದ. "ಇನ್ಮೇಲೆ ಇದಕ್ಕೆಲ್ಲ ಅಲ್ಲ ಅನ್ನೋರೇ ಇಲ್ಲ, ಹುಡುಗಿ."

ಕೋಟಿನ ಮಾತು ಅವನ ಬಾಯಿಂದ ಬರುವಂತಿರಲಿಲ್ಲ.

"ನಾನಂತೀನಿ," ಅಂದಳು ಕರ್ಸ್ಟಿ. "ಮಾಸ್ಟರ್ಸೇ ದೊಡ್ಡದು."

"ನೀನೂನಾ! ಅಲ್ಲಿ ಮಳೆಗೂ ಅಪ್ಪಣೆ ಬೇಕಲ್ಲೇ!"

"ಗೆದ್ದೋನು ಕೋಟನ್ನ ಒಂದು ವರ್ಷ ಮನೇಲಿಟ್ಕೋಬಹುದು. ಆಮೇಲೆ ವಾಪಸ್ ಕೊಡ್ಬೇಕು." ಅವಳು ಗುಂಡಿ ಬಿಚ್ಚಿದಳು. ಕೊನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ವರ್ಷ ಆಯ್ತು. ತಿರುಗಿ ನಿಂತ್ಕೊಳ್ಳಿ."

"ಕೈಗೆ ಕೊಡು, ಸಾಕು."

"ಹಳೇ ಚಾಂಪಿಯನ್ನು ಹೊಸಬನಿಗೆ ತೊಡಿಸ್ಬೇಕು. ಅವನಿಲ್ಲ, ನಾನಿದೀನಿ."

ಮಾಸ್ಟರ್ಸ್ ಅಂದರೆ ಮೂಗು ಮುರಿಯುವ ವಾಟಿ ಬೆನ್ನು ತಿರುಗಿಸಿ, ಎಡತೋಳು ಸಿಗದೆ ಮೂರು ಸಲ ತಡಕಾಡಿದ.

"ಕ್ಲಬ್ಬಲ್ಲಿ ಯಾರಿಗೂ ಹೇಳ್ಬೇಡ," ಅಂದ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಕರ್ಸ್ಟಿ ಅವನ ಕಾಲರನ್ನು ಸರಿಮಾಡಿ, ಕೈ ತೆಗೆದಳು.