ಕೆಜಾಯಾ ಬಾಗಿಲು ತೆರೆದ ಸಂಜೆ

ಗುಲಾಮಗಿರಿ ಅಳಿದು ವರ್ಷಗಳಾಗಿದ್ದರೂ ಪಂಜು ಕಂಡರೆ ಕೆಜಾಯಾಳ ಎದೆ ನಡುಗುತ್ತಿತ್ತು. ಕೆಂಟಕಿಯ ಧಣಿಯಿಂದ ತಪ್ಪಿಸಿಕೊಂಡು ಓಡಿಬಂದಾಗ, ನದಿದಂಡೆಯುದ್ದಕ್ಕೂ ಅವಳನ್ನು ಹುಡುಕುತ್ತ ಅಲೆದದ್ದು ಅದೇ ಬೆಳಕು. ಈಗ ಓಹಾಯೋದ ಈ ಪುಟ್ಟ ಊರಿನಲ್ಲಿ ಅಧ್ಯಕ್ಷರ ಚುನಾವಣೆಯ ಗದ್ದಲ. ಕರಿಯ ಗಂಡಸರಿಗೂ ಮತದ ಹಕ್ಕು ಸಿಕ್ಕಿತ್ತು. ಮಗ ಎನೋಸ್ ಮೆರವಣಿಗೆಗೆಂದು ಪಂಜಿಗೆ ಎಣ್ಣೆ ತುಂಬುತ್ತಿದ್ದ.

“ಅದನ್ನ ಒಳಗೆ ಹಚ್ಚಬೇಡ ಕಣೋ.”

“ಹಚ್ಚಲ್ಲಮ್ಮ. ಬಾಗಿಲಲ್ಲಿ ನಿಂತಾದ್ರೂ ನೋಡ್ತೀಯಾ?”

“ನನ್ನ ಕೈಲಾಗಲ್ಲ. ನೀನು ಹೋಗು.”

ಕತ್ತಲಾಗುತ್ತಲೇ ಡೋಲಿನ ಸದ್ದು ಕೇಳಿಸಿತು. ಕೆಜಾಯಾ ಕಿಟಕಿ ಮುಚ್ಚಿ ಕೂತಳು. ಹಾಡು ಹತ್ತಿರವಾದಂತೆ ಎಲ್ಲರ ನಡುವೆ ಮಗನ ಒಡಕು ದನಿ ಕಿವಿಗೆ ಬಿತ್ತು. ರಾಗ ಎಲ್ಲೋ, ಅವನೆಲ್ಲೋ. ನಗು ತಡೆಯಲಾಗದೆ ಅವಳು ಎದ್ದು ಬಾಗಿಲು ತೆರೆದಳು.

ಬೀದಿಯ ತುಂಬ ಬೆಂಕಿ. ಕಾಲು ಹಿಂದಕ್ಕೆಳೆಯಿತು. ಆದರೆ ಪಂಜುಗಳ ಕೆಳಗಿದ್ದವರೆಲ್ಲ ಗುರುತಿನವರೇ. ಕಮ್ಮಾರ ಟೋಬಿಯಾಸ್, ಚರ್ಚಿನಲ್ಲಿ ತೂಕಡಿಸುವ ಜೆತ್ರೋ ಮಾವ, ಅವರ ಹಿಂದೆ ಎನೋಸ್.

“ಅಮ್ಮಾ, ಬಾರೇ!”

“ಮೊದ್ಲು ರಾಗ ಸರಿಯಾಗಿ ಹಾಡೋ, ಊರೋರ ಮುಂದೆ ಮಾನ ಕಳೀಬೇಡ!” ಎಂದು ಗದರುತ್ತಲೇ ಕೆಜಾಯಾ ಶಾಲು ಹೊದ್ದು ಮೆಟ್ಟಿಲಿಳಿದಳು. ಮಗನ ಪಕ್ಕದಲ್ಲಿ ಹೆಜ್ಜೆ ಹಾಕುವಾಗ ಪಂಜಿನ ಬಿಸಿ ಕೆನ್ನೆಗೆ ತಾಗಿತು. ಆ ಚಳಿಯಲ್ಲಿ ಅದು ಹಿತವಾಗಿಯೇ ಇತ್ತು.