ನೆಟೆ ಹೊಲದ ಏಳು ಗಿಡ

ಎಳ್ಳಮಾವಾಸ್ಯೆಯ ಭಜ್ಜಿ ಪಲ್ಯ ಇನ್ನೂ ಸುಡುತ್ತಿದೆ, ನಾಲಿಗೆಯ ತುದಿ ಚುರುಗುಟ್ಟಿತು, ಹುಣಸೆ, ಹಸಿಮೆಣಸಿನಕಾಯಿ, ನಡುವೆ ಮೆತ್ತಗೆ ಒಡೆಯುವ ಹಸಿ ಕಾಳು — ಅವ್ವನ ಭಜ್ಜಿಗಿಂತ ಖಾರ ಹೆಚ್ಚು, ಅವ್ವ ಬೆಳಗ್ಗೆ ಕಲ್ಯಾಣ ಊರಿನ ಮನೆ ಬಾಗಿಲಿಗೆ ಅಡ್ಡ ನಿಂತಿದ್ದಳು, ಎಳ್ಳಮಾಸಿ ದಿನ ಯಾರರ ಮನಿ ಬಿಟ್ಟ ಹೋಗ್ತಾರೇನೋ ಮಹಾರುದ್ರ, ಆ ತೊಗರಿ ಗಿಡಾ ಏನ್ ನಿನ್ನ ಹೆಂಡ್ತೇನು, ಅವನು ಅವಳ ಪಕ್ಕದಿಂದ ನುಸುಳಿ ಹುಮನಾಬಾದಿನ ಮೋಟಾರು ಹತ್ತಿದ, ಇಳಿದು ಬೀಜದ ಹೊಲದ ಬದುವಿಗೆ ಕಾಲಿಡುವಷ್ಟರಲ್ಲಿ ಕೂಲಿಯ ಸೋನುಬಾಯಿ ಅವನನ್ನು ಲಕ್ಷ್ಮಿಯನ್ನು ಕೂರಿಸಿದ ದಂಟಿನ ಕೊಂಪೆಯ ಮುಂದೆ ಕೂರಿಸಿ ಎಲೆ ಹಾಕಿಬಿಟ್ಟಳು, ಮೊದ್ಲ ಉಣ್ರಿ ಸಾಹೇಬ್ರಾ, ಗಿಡ ಎಲ್ಲಿ ಓಡಿ ಹೋಗ್ತಾವ. ಓಡುವುದಿಲ್ಲ, ಹೌದು, ಓಡಲಾರದ್ದು ನಿಂತಲ್ಲೇ ಬದುಕಬೇಕು, ಪುಣೆಯಲ್ಲಿ ಕೃಷಿ ಓದುವಾಗ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು — ಮಣ್ಣಿನ ಬೂಜು ಬೇರನ್ನು ತಟ್ಟುತ್ತದೆ, ಸಾವಿರ ಗಿಡ ಒಳಗೆ ಬಿಟ್ಟುಕೊಳ್ಳುತ್ತವೆ, ಒಂದು ಬಿಟ್ಟುಕೊಳ್ಳುವುದಿಲ್ಲ, ಆ ಒಂದರ ಗುಣ ಅದರ ಮಕ್ಕಳಿಗೆ ಇಳಿಯುತ್ತದೆ, ಬೂಜೂ ಸುಮ್ಮನಿರದೆ ತಲೆಮಾರು ಕಳೆದಂತೆ ಹೊಸ ವರಸೆ ಕಲಿಯುತ್ತದೆ, ಉಳುವವನು ಹುಟ್ಟುವ ಮೊದಲಿನಿಂದಲೂ ನಡೆದ ಜಗಳ, ಒಂದು ಸದ್ದಿಲ್ಲ. ಅದಕ್ಕೇ ನಾಲ್ಕು ವರ್ಷದಿಂದ ಗಿಡ ಒಣಗಿಸುವ ನೆಟೆರೋಗ ಹಿಡಿದ ಇದೇ ಹೊಲದಲ್ಲಿ ತೊಗರಿಯ ಮೇಲೆ ತೊಗರಿ, ಸತ್ತ ಗಿಡ ಅಲ್ಲೇ ಹೂತು ರೋಗ ಸಾಕುತ್ತ, ಪಕ್ಕದ ಹೊಲದ ನರಸಿಂಗ ಬದುವಿನ ಮೇಲೆ ನಿಂತು ನಗುತ್ತಿದ್ದ, ಮಂದಿ ಬೆಳಿ ಬೆಳಿತಾರ, ನಮ್ಮ ಸಾಹೇಬ್ರು ಜಡ್ಡ ಬೆಳಿಯಾಕತ್ತಾರ. ಒಣಗಿದ ಒಂದೊಂದರ ಬುಡ ಸೀಳಿದರೂ ಒಳಗೆ ಕಪ್ಪು ಗೆರೆ, ನೂರು ಸೀಳಿದರೆ ನೂರಲ್ಲೂ, ಒಣಗದೆ ಉಳಿದವುಗಳ ಬೀಜ ಮತ್ತೆ ಬಿತ್ತಿ, ಈ ಸಲ ಇದ್ದದ್ದನ್ನೆಲ್ಲ ಬಿತ್ತಿ, ಗಡಿಗೆಯಲ್ಲಿ ಒಂದು ಹಿಡಿಯನ್ನೂ ಇಡದೆ — ಏಳು ನಿಂತವು. ನಿಜವಾಗಿ ಗೆದ್ದವೋ, ಬೂಜನ್ನು ಒಳಗೆ ಬಿಟ್ಟುಕೊಂಡೂ ಇನ್ನೂ ಒಣಗದೆ ನಿಂತವೋ, ಸೀಳಿ ನೋಡಿದರೆ ಗೊತ್ತಾಗುತ್ತದೆ, ಸೀಳಿದರೆ ಸಾಯುತ್ತವೆ, ಕಾಯಿ ಬಲಿಯಲಿ ಎಂದು ಕೆಂಪು ಬಟ್ಟೆಯ ಚೂರು ಕಟ್ಟಿ ಕಾದ, ಇನ್ನು ಇಪ್ಪತ್ತು ದಿನ, ಸುತ್ತಲೂ ಎಲ್ಲ ಒಣಗಿ ನಿಂತ ಹೊಲದಲ್ಲಿ ಹಸಿರೆಂದರೆ ಆ ಏಳೇ, ಹಸಿ ಕಾಳೆಂದರೆ — ಅವನ ದವಡೆ ನಿಂತಿತು. ಈ ಕಾಳು ಎಲ್ಲಿಂದ ತಂದಿ ಸೋನುಬಾಯಿ. ಎಲ್ಲಿಂದ ತರ್ಲಿರಿ, ನಿಮ್ಮವೇ, ನೀವು ಕೆಂಪ ಬಟ್ಟಿ ಕಟ್ಟಿದ್ರಲ್ಲ, ಲಕ್ಷ್ಮಿಗಿ ಮುಡಪ ಇಟ್ಟಾರಂತ ತಿಳದೆ, ನಿನ್ನಿ ಸಂಜಿಗೇ ಬೇರಸಹಿತ ಕಿತ್ತ ಕಾಯಿ ಬಿಡಿಸೇನಿ, ಗಿಡಾ ಕೊಂಪಿಗಿ ಹೊದಿಸೇನಿ ನೋಡ್ರಿ. ಬೀಜಕ್ಕ ಅಂತ ಏನರ ತೆಗೆದಿಟ್ಟಿಯೇನು. ದೇವಿ ಮುಡಪ ಯಾರರ ತೆಗದಿಡ್ತಾರೇನ್ರಿ, ಎಲ್ಲಾ ಕುದಿಸೇನಿ, ಹೊಲದ ತುಂಬ ನೈವೇದ್ಯದ ಚರಗಾ ಚೆಲ್ಲೇವಿ, ಉಳದದ್ದು ನಿಮ್ಮ ಎಲಿಮ್ಯಾಲ, ಒಂದ ಕಾಳೂ ಹಾಳ ಮಾಡಿಲ್ಲ. ಅವಳ ಮುಖದ ತುಂಬ ಸಂತೋಷ, ಕೈಯಲ್ಲಿ ಸೌಟು, ಹೇಳಿದರೆ ಆ ಮುಖ ಏನಾದೀತು, ಹೇಳದಿದ್ದರೆ ಈ ನಾಲ್ಕು ವರ್ಷ ಜಗತ್ತಿನಲ್ಲಿ ತನ್ನೊಬ್ಬನ ಹೊಟ್ಟೆಯಲ್ಲಿ, ರುಚಿ ಹ್ಯಾಂಗ ಆಗ್ಯದ್ರಿ, ಚಂದ ಆಗ್ಯದ ಸೋನುಬಾಯಿ, ಹಂಗಾರ ಇನ್ನೊಂದ ಸೌಟ, ಹಾಕು. ಉಂಡ. ಎದ್ದು ಕೈ ತೊಳೆದು ಕೊಂಪೆಯಿಂದ ಒಂದು ಗಿಡ ಎಳೆದ, ಚಾಕುವಿನಿಂದ ಬುಡ ಸೀಳಿದ — ಬಿಳಿ. ಎರಡನೆಯದು, ಬಿಳಿ. ಏನ್ ಹುಡಕಾಕತ್ತೀರಿ ಸಾಹೇಬ್ರಾ, ಏನಿಲ್ಲ, ಮೂರು, ನಾಲ್ಕು, ಐದು, ಬೇರಿನ ತುದಿಯವರೆಗೂ ಕಪ್ಪಿನ ಎಳೆಯಿಲ್ಲ, ಆರು, ಏಳು, ತೇವ ಇನ್ನೂ ಆರದ ಬಿಳಿ, ಬಿಸಿಲಿಗೆ ಹಿಡಿದರೂ ಬಿಳಿ, ಬಿಳಿ —